ಅಂಗೈಯ ಏಕಾಂತಕ್ಕೆ ಬೆಲೆ ಕಟ್ಟಿದ ದೇಶ

2009ರ ಹಣಕಾಸು ವರ್ಷದಲ್ಲಿ ಜಪಾನಿನಲ್ಲಿ ಬಿಕರಿಯಾದ ಇ-ಪುಸ್ತಕಗಳ ಒಟ್ಟು ಮೌಲ್ಯ ಸುಮಾರು 5,740 ಕೋಟಿ ಯೆನ್. ಅದರಲ್ಲಿ 5,130 ಕೋಟಿ ಯೆನ್ ಬಂದದ್ದು ಮೊಬೈಲ್ ಫೋನಿನಿಂದ! ಕಂಪ್ಯೂಟರಿನಿಂದಲ್ಲ, ಟ್ಯಾಬ್ಲೆಟ್ಟಿನಿಂದಲ್ಲ. ಅಮೆಜಾನಿನ ಇ-ಪುಸ್ತಕದಂಗಡಿ ಕಿಂಡಲ್ ಆ ದೇಶದಲ್ಲಿ ಬಾಗಿಲು ತೆರೆಯಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಗುಂಡಿಗಳಿದ್ದ, ಮಡಚಿ ಜೇಬಿಗಿಳಿಸುವ, ಬೆಂಕಿಪೊಟ್ಟಣದಷ್ಟು ಪರದೆಯ ಫೋನಿನಲ್ಲಿ ಲಕ್ಷಾಂತರ ಜನ ದುಡ್ಡು ಕೊಟ್ಟು ಓದಿದರು. ಓದಿದ್ದರಲ್ಲಿ ಬಹುಪಾಲು ಚಿತ್ರಕಥೆ, ಅಂದರೆ ಮಾಂಗಾ. ಆ ಮಾಂಗಾದೊಳಗೆ ಜನ ಎಲ್ಲಕ್ಕಿಂತ ಮೊದಲು ದುಡ್ಡು ಬಿಚ್ಚಿದ್ದು ಯಾವುದಕ್ಕೆ ಗೊತ್ತೆ? ವಯಸ್ಕರ ಪ್ರೇಮ-ಕಾಮದ ಕಥೆಗಳಿಗೆ. ಕೊಂಡವರಲ್ಲಿ ದೊಡ್ಡ ಪಾಲು ಹೆಂಗಸರು!

ಈ ಸಂಗತಿ ಮೊದಲ ಸಲ ತಿಳಿದಾಗ ನಾನು ಕುಳಿತಲ್ಲೇ ಎದ್ದು ನಿಂತೆ. ಏಕೆಂದರೆ ಅದೇ ದಶಕದಲ್ಲಿ ಯುರೋಪು ಪೂರಾ ಬೇರೆ ದಿಕ್ಕಿಗೆ ನೋಡುತ್ತಿತ್ತು. 2003ರಲ್ಲಿ ಬ್ರಿಟನ್ನಿಗೆ 3ಜಿ ಬಂತು. ಅಂಗೈಯಲ್ಲಿ ವಿಡಿಯೊ ಆಡಿದರೆ ಗಂಡಸರು ಗುಟ್ಟಾಗಿ ದುಡ್ಡು ಸುರಿಯುತ್ತಾರೆಂದು ಉದ್ಯಮ ಕಾದು ಕುಳಿತಿತ್ತು. ಅಲ್ಲಿನ ಮೊಬೈಲ್ ಕಂಪನಿಗಳು 2004ರ ಜನವರಿಯಲ್ಲಿ ಒಟ್ಟು ಸೇರಿ, ಹದಿನೆಂಟು ದಾಟಿದವರಿಗಷ್ಟೇ ಕೊಡಬೇಕಾದ ಸರಕಿಗೆ ನಿಯಮಾವಳಿಯನ್ನೂ ಬರೆದಿಟ್ಟವು. ಆದರೆ ಬರಬರುತ್ತಾ ಅಂತರ್ಜಾಲದಲ್ಲಿ ಅಂಥ ವಿಡಿಯೊ ಬಿಟ್ಟಿ ಸಿಗತೊಡಗಿತು. ಬಿಟ್ಟಿ ಸಿಗುವುದಕ್ಕೆ ಯಾರು ಕಾಸು ಕೊಡುತ್ತಾರೆ? ಜಪಾನಿನಲ್ಲಿ ಮಾತ್ರ ಕಥೆಗೆ ಕಾಸು ಬೀಳುತ್ತಲೇ ಹೋಯಿತು.

ಅದು ಸಾಧ್ಯವಾಗಿದ್ದು ಹೇಗೆ ಎಂಬುದೇ ರೋಮಾಂಚಕ. ಬುನಾದಿ ಬಿದ್ದದ್ದು 1999ರ ಫೆಬ್ರವರಿ 22ರಂದು, ಎನ್‌ಟಿಟಿ ಡೊಕೊಮೊ ಎಂಬ ಮೊಬೈಲ್ ಕಂಪನಿ ಫೋನಿನಲ್ಲೇ ಅಂತರ್ಜಾಲ ಕೊಡುವ ಐ-ಮೋಡ್ ಸೇವೆ ತೆರೆದ ದಿನ. ಅದರಲ್ಲಿ ಏನೇನಿರಬೇಕೆಂದು ಯೋಜಿಸಿದ ಮಾರಿ ಮಾತ್ಸುನಾಗಾ ತಂತ್ರಜ್ಞೆಯಲ್ಲ. ಹೆಂಗಸರಿಗಾಗಿ ಬರುತ್ತಿದ್ದ ಉದ್ಯೋಗ ಪತ್ರಿಕೆಯೊಂದರ ಸಂಪಾದಕಿಯಾಗಿದ್ದವರು! ಓದುಗರನ್ನು ಬಲ್ಲವರು ಫೋನು ಕಟ್ಟಿದರೆ ಏನಾಗುತ್ತದೆ ನೋಡಿ. ಗ್ರಾಹಕರು ಕೊಂಡ ಸಣ್ಣಪುಟ್ಟ ಸರಕಿನ ಹಣ ತಿಂಗಳ ಫೋನ್ ಬಿಲ್ಲಿಗೇ ಸೇರುತ್ತಿತ್ತು. ಕ್ರೆಡಿಟ್ ಕಾರ್ಡ್ ಬೇಡ, ಬ್ಯಾಂಕಿನ ಗೊಡವೆ ಬೇಡ. ಡೊಕೊಮೊ ತನಗೆಂದು ಇಟ್ಟುಕೊಂಡದ್ದು ಕೇವಲ 9 ಪ್ರತಿಶತ, ಮಿಕ್ಕದ್ದೆಲ್ಲ ಸರಕಿನವರಿಗೆ. 2004ರ ಹೊತ್ತಿಗೆ ತಿಂಗಳಿಗಿಷ್ಟು ಕೊಟ್ಟರೆ ಎಷ್ಟು ಬೇಕಾದರೂ ಡೇಟಾ ಎಂಬ ಯೋಜನೆಯೂ ಬಂತು. ಅದೇ ವರ್ಷ ಒಸಾಕಾದ ಎನ್‌ಟಿಟಿ ಸೋಲ್ಮಾರೆ ಕಂಪನಿ ಫೋನಿನಲ್ಲಿ ಚಿತ್ರಕಥೆ ಮಾರಲು ಅಂಗಡಿ ತೆರೆಯಿತು. ಅದೇ ಇಂದಿನ ಕಾಮಿಕ್ ಸೀಮೋವಾ.

ಪುಟ ಇಡಿಯಾಗಿ ಆ ಪರದೆಯಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಪುಟವನ್ನೇ ಕತ್ತರಿಸಿದರು! ಒಂದೊಂದು ಚೌಕವೂ ಒಂದೊಂದು ದೃಶ್ಯ. ಗುಂಡಿ ಒತ್ತಿದರೆ ಮುಂದಿನ ಚೌಕ ಸರಿದು ಬರುತ್ತದೆ, ಉದ್ದನೆಯ ಚಿತ್ರವಾದರೆ ಕಣ್ಣು ಹಾಯುವ ವೇಗದಲ್ಲಿ ಜಾರುತ್ತದೆ, ಬಾಗಿಲು ಬಡಿದುಕೊಂಡಾಗ, ಎದೆ ಹೊಡೆದುಕೊಂಡಾಗ ಕೈಯಲ್ಲಿದ್ದ ಫೋನೇ ಗುಂಯ್ಯೆಂದು ಕಂಪಿಸುತ್ತದೆ! ಮುಂದೇನು ಎಂಬುದು ಒಂದು ಗುಂಡಿಯಾಚೆ. ಕಾಗದದ ಮಾಂಗಾಕ್ಕೆ ಇದು ಎಂದೂ ದಕ್ಕದ ಸುಖ. ಪಕ್ಕದಲ್ಲಿ ನಿಂತವರು ಇಣುಕಿದರೂ ಕಾಣುವುದು ಒಂದು ಚೌಕ, ಒಂದು ಮುಖ, ಅಷ್ಟೇ.

ಅಷ್ಟೇ ಎಂದೆನಲ್ಲ, ನನ್ನ ಮಟ್ಟಿಗೆ ಇಡೀ ವ್ಯಾಪಾರದ ಗುಟ್ಟು ಅಲ್ಲೇ ಇದೆ. ಲೇಡೀಸ್ ಕಾಮಿಕ್ಸ್ ಎಂಬ ವಯಸ್ಕ ಹೆಂಗಸರ ಚಿತ್ರಕಥೆಗಳು ಜಪಾನಿನಲ್ಲಿ 1980ರ ದಶಕದಿಂದಲೇ ಅಚ್ಚಾಗುತ್ತಿದ್ದವು. ಇಬ್ಬರು ಗಂಡಸರ ನಡುವಿನ ಪ್ರೇಮದ ಕಥೆಗಳೂ ಇದ್ದವು. ಅವನ್ನು ಬರೆಯುವವರೂ ಓದುವವರೂ ಹೆಚ್ಚಾಗಿ ಹೆಂಗಸರೇ. ಆಸೆ ಇತ್ತು, ಕಥೆ ಇತ್ತು, ಕೈಯಲ್ಲಿ ದುಡ್ಡೂ ಇತ್ತು. ನಡುವೆ ನಿಂತಿದ್ದದ್ದು ಅಂಗಡಿಯ ಗಲ್ಲಾ. ಆ ರಕ್ಷಾಪುಟವನ್ನು ಅಪರಿಚಿತನ ಮುಂದಿಟ್ಟು ಬಿಲ್ಲು ಹಾಕಿಸುವ ಒಂದು ನಿಮಿಷ! ಅಲ್ಲಿನ ಪುಸ್ತಕದಂಗಡಿಗಳು ಕೊಂಡ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕಿಕೊಡುತ್ತವೆ, ಆದರೆ ಹೊದಿಕೆ ಬೀಳುವುದು ಗಲ್ಲಾದವನು ನೋಡಿದ ಮೇಲೆ. ಫೋನು ಆ ಒಂದು ನಿಮಿಷವನ್ನು ಅಳಿಸಿಹಾಕಿತು. ಜನ ಬೆಲೆ ತೆತ್ತದ್ದು ಕಥೆಗೆ ಎಷ್ಟೋ, ಯಾರೂ ನೋಡದಿರುವ ನಿಶ್ಚಿಂತೆಗೂ ಅಷ್ಟೇ.

ಹಿಂದಕ್ಕೆ ನೋಡಿದರೆ ಚಲನಚಿತ್ರ ಹುಟ್ಟಿದ್ದೂ ಒಬ್ಬೊಬ್ಬರೇ ನೋಡುವ ಆಟವಾಗಿ! 1894ರ ಏಪ್ರಿಲ್ 14ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಎಡಿಸನ್ ಕಂಪನಿಯ ಹತ್ತು ಕಿನೆಟೊಸ್ಕೋಪ್ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರು. ಬಗ್ಗಿ ಕಿಂಡಿಗೆ ಕಣ್ಣಿಟ್ಟರೆ ನಿಮಗೊಬ್ಬರಿಗೇ ಸಿನಿಮಾ. ಲೂಮಿಯೆರ್ ಸೋದರರು ಪ್ಯಾರಿಸ್ಸಿನಲ್ಲಿ ದುಡ್ಡು ಕೊಟ್ಟು ಬಂದ ಜನರನ್ನು ಪರದೆಯ ಮುಂದೆ ಕೂರಿಸಿದ್ದು ಮರುವರ್ಷದ ಡಿಸೆಂಬರಿನಲ್ಲಿ. ನೂರು ವರ್ಷ ಒಟ್ಟಾಗಿ ಕೂತು ನೋಡಿದ ಮೇಲೆ ಮನುಷ್ಯ ಮತ್ತೆ ಕಿಂಡಿಗೆ ಮರಳಿದ್ದಾನೆ. ಈ ಸಲ ಕಿಂಡಿ ಅವನ ಜೇಬಿನಲ್ಲೇ ಇದೆ.

ಸ್ಮಾರ್ಟ್‌ಫೋನ್ ಬಂದಾಗ ಮಡಚುವ ಫೋನುಗಳ ಲೋಕ ಮುಳುಗಿತು. ಓದುಗರು ಮುಳುಗಲಿಲ್ಲ! 2017ರಲ್ಲಿ ಜಪಾನಿನ ಡಿಜಿಟಲ್ ಮಾಂಗಾದ ಮಾರಾಟ ಅಚ್ಚಿನ ಮಾಂಗಾ ಪುಸ್ತಕಗಳ ಮಾರಾಟವನ್ನು ಮೊದಲ ಬಾರಿ ಹಿಂದಿಕ್ಕಿತು. ಅಷ್ಟರಲ್ಲಿ ಸರಕಿನ ಹರವೂ ಹಿಗ್ಗಿತ್ತು. ವಯಸ್ಕರ ಕಥೆ ಅದರಲ್ಲಿ ಒಂದು ಕಪಾಟು ಮಾತ್ರ. 2006ರಲ್ಲಿ ಮಡಚುವ ಫೋನಿನ ಕಾಲದಲ್ಲೇ ಶುರುವಾದ ಮೆಚಾ ಕಾಮಿಕ್ ಎಂಬ ಸೇವೆಯ ಒಡೆತನದ ಇನ್ಫೊಕಾಮ್ ಕಂಪನಿಯನ್ನು ಅಮೆರಿಕದ ಬ್ಲ್ಯಾಕ್‌ಸ್ಟೋನ್ 2024ರಲ್ಲಿ ಕೊಂಡಿತು. ಬೆಲೆ ಸುಮಾರು 170 ಕೋಟಿ ಡಾಲರ್! ಗಲ್ಲಾದ ಮುಂದಿನ ಒಂದು ನಿಮಿಷದ ನಾಚಿಕೆಯಿಂದ ಹೊರಟ ದಾರಿ ಎಲ್ಲಿಗೆ ಬಂದು ಮುಟ್ಟಿತು!

ನಮ್ಮಲ್ಲಿ? ಅಶ್ಲೀಲ ವಿಡಿಯೊ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಪ್ರಕಾರ ಅಪರಾಧ. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಉಲ್ಲು ಸೇರಿ 25 ಆ್ಯಪ್ ಮತ್ತು ತಾಣಗಳನ್ನು ಮುಚ್ಚಿಸಲು ಆದೇಶಿಸಿತು. ಆ ದಾರಿಯಲ್ಲಿ ನನಗೆ ಕುತೂಹಲವೂ ಇಲ್ಲ. ನನ್ನ ಕಣ್ಣರಳುವುದು ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿ ಎಂಬ ಕಥೆಗಳ ತಾಣವನ್ನು ನೋಡಿದಾಗ. ಅಲ್ಲಿ ಕನ್ನಡದ ಪ್ರೇಮಕಥೆಗಳಿವೆ, ಬರೆಯುವ ಹೆಂಗಸರ ದೊಡ್ಡ ಬಳಗವಿದೆ, ಮುಂದಿನ ಕಂತು ಬೇಗ ಬೇಕೆಂದರೆ ಕಾಯಿನ್ ತೆರಬೇಕು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು, ಮನೆಗೆಲಸ ಮುಗಿಸಿ ಮಧ್ಯಾಹ್ನ ಓದುತ್ತಿದ್ದವರ ಮೊಮ್ಮಕ್ಕಳಿಗೆ ಈಗ ಯಾರ ಮುಂದೆಯೂ ಪುಸ್ತಕದ ಹೆಸರು ಬರೆಸಬೇಕಾಗಿಲ್ಲ. ಒಲವು, ದಾಂಪತ್ಯ, ದೇಹದ ಬಗ್ಗೆ ದೊಡ್ಡವರಿಗಾಗಿ ಘನತೆಯಿಂದ ಬರೆದ ಕನ್ನಡ ಕಥೆಗೆ ಇಲ್ಲಿ ಎಂತಹ ಮಾರುಕಟ್ಟೆ ಕಾದಿದೆ!

ಒಂದೇ ತೊಡಕು. ನಮ್ಮ ಎಷ್ಟೋ ಮನೆಗಳಲ್ಲಿ ಫೋನು ಹೆಂಡತಿಯದಾದರೂ ಖಾತೆ ಗಂಡನದು. ಯುಪಿಐನಲ್ಲಿ ಹತ್ತು ರೂಪಾಯಿ ಕೊಟ್ಟರೂ ಪಡೆದವರ ಹೆಸರು ಖಾತೆಯ ಲೆಕ್ಕದಲ್ಲಿ ಕೂರುತ್ತದೆ, ಎಷ್ಟೋ ಸಲ ಬ್ಯಾಂಕಿನ ಮೆಸೇಜು ಬೇರೆಯವರ ಜೇಬಿನಲ್ಲಿ ಟಿಂಗ್ ಎನ್ನುತ್ತದೆ. ಗಲ್ಲಾ ಹೋಗಿಲ್ಲ, ಜಾಗ ಬದಲಿಸಿದೆ. ಮೂಲೆಯಂಗಡಿಯಲ್ಲಿ ನಗದು ಕೊಟ್ಟು ಹಾಕಿಸಿದ ಪ್ರೀಪೇಯ್ಡ್ ರೀಚಾರ್ಜಿನ ಹಣದಿಂದಲೇ ಕಥೆಯ ಕಂತು ಕೊಳ್ಳುವಂತಾದರೆ? ಡೊಕೊಮೊದಂತೆ ನೂರಕ್ಕೆ ಒಂಬತ್ತು ಇಟ್ಟುಕೊಂಡು ಮಿಕ್ಕದ್ದನ್ನು ಬರೆದವರಿಗೆ ತಲುಪಿಸುವ ಮೊಬೈಲ್ ಕಂಪನಿಯೊಂದು ಮುಂದೆ ಬಂದರೆ, ಮರುದಿನದಿಂದಲೇ ಕೊಳ್ಳಲು ಓದುಗರು ಇದ್ದಾರೆ.