ಕಾಲೇಜು ಮೇಷ್ಟ್ರುಗಳಿಗೂ ಪಾಠ: ಏನಿದು ‘ಎಲ್ಲರನ್ನೂ ಒಳಗೊಳ್ಳುವ’ ತರಬೇತಿ? ನಮ್ಮ ಮಕ್ಕಳಿಗೆ ಇದರಿಂದ ಏನು ಪ್ರಯೋಜನ?

ರಾಮನಗರ: ಸ್ಕಾಲರ್‌ಶಿಪ್ ಅರ್ಜಿ ಹಾಕೋ ಸಮಯದಲ್ಲಿ ‘ಎಸ್‌ಸಿ, ಎಸ್‌ಟಿಯವರೆಲ್ಲ ಎದ್ದು ನಿಂತ್ಕೊಳ್ರಪ್ಪ’ ಎಂದು ತುಂಬಿದ ಕ್ಲಾಸಿನಲ್ಲಿ ಉಪನ್ಯಾಸಕರು ಹೇಳಿದರೆ ತಪ್ಪೇನು? ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದು ಇರದೇ ಇರಬಹುದು. ಆದರೆ ಎದ್ದು ನಿಂತ ವಿದ್ಯಾರ್ಥಿಯ ಜಾತಿ ಆ ಕ್ಷಣದಿಂದ ಇಡೀ ಕ್ಲಾಸಿಗೆ ಗೊತ್ತು. ಇದನ್ನು ಮಾಡಬಾರದು ಎಂದು ನಿಯಮವೇ ಇದೆ. ಇಂಥ ಸೂಕ್ಷ್ಮಗಳನ್ನು ಪ್ರಾಧ್ಯಾಪಕರಿಗೆ ತಿಳಿಸಿಕೊಡುವುದೇ ಈ ತರಬೇತಿಯ ಉದ್ದೇಶ.

ತರಬೇತಿ ಕೊಡೋದು ಯಾರು?

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ‘ಮಾಳವೀಯ ಮಿಷನ್’ ಹೆಸರಿನಲ್ಲಿ ಪ್ರಾಧ್ಯಾಪಕರಿಗೆ ತರಬೇತಿ ನಡೆಸುತ್ತದೆ. ಈ ಯೋಜನೆ ಶುರುವಾಗಿದ್ದು 2023ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ. ಇದರಲ್ಲಿರುವ ಎಂಟು ಮುಖ್ಯ ವಿಷಯಗಳಲ್ಲಿ ‘ವಿದ್ಯಾರ್ಥಿಗಳ ವೈವಿಧ್ಯ ಮತ್ತು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ’ವೂ ಒಂದು. ಕಾಯಂ ಸಹಾಯಕ ಪ್ರಾಧ್ಯಾಪಕರು ಮೇಲಿನ ಹಂತಕ್ಕೆ ಬಡ್ತಿ ಪಡೆಯಬೇಕಾದರೆ ಯುಜಿಸಿಯ 2018ರ ನಿಯಮದಂತೆ ತರಬೇತಿ ಕೋರ್ಸ್‌ಗಳನ್ನು ಮುಗಿಸಿರಬೇಕು. ಹಾಗಾಗಿ ಸರ್ಟಿಫಿಕೇಟ್ ಸಲುವಾಗಿಯಾದರೂ ತರಬೇತಿಗೆ ಹೋಗುತ್ತಾರೆ.

ಏನೇನು ಮಾಡಬಾರದು?

ಯುಜಿಸಿ 2012ರಲ್ಲೇ ‘ಸಮಾನತೆ ಉತ್ತೇಜನ’ ನಿಯಮಾವಳಿ ತಂದಿದೆ. ಅದರಲ್ಲಿರೋದು ದೊಡ್ಡ ದೊಡ್ಡ ತತ್ವಗಳಲ್ಲ, ದಿನನಿತ್ಯದ ವಿಷಯಗಳು:

- ಕ್ಲಾಸಿನಲ್ಲಿ ವಿದ್ಯಾರ್ಥಿಯ ಜಾತಿ, ಬುಡಕಟ್ಟು, ಧರ್ಮ, ಪ್ರದೇಶದ ಹೆಸರು ಎತ್ತಿ ಹೇಳಬಾರದು.
- ‘ಇವನು ಮೀಸಲಾತಿಯವನು’ ಎಂದು ಗುರುತು ಹಚ್ಚಬಾರದು.
- ಮಾರ್ಕ್ಸ್ ಕಮ್ಮಿ ಬಂದಿದ್ದಕ್ಕೆ ಜಾತಿಯನ್ನು ಕಾರಣವಾಗಿ ತೋರಿಸಿ ಹೀಯಾಳಿಸಬಾರದು.
- ಪ್ರಯೋಗಾಲಯದ ಒಳಗೆ ಬಿಟ್ಟು, ಕೆಲಸ ಕೊಡದೆ ಸುಮ್ಮನೆ ನಿಲ್ಲಿಸಬಾರದು.
- ಹಾಸ್ಟೆಲ್, ಊಟದ ಮನೆ, ಕುಡಿಯುವ ನೀರಿನ ಜಾಗದಲ್ಲಿ ಬೇರೆ ಬೇರೆ ಮಾಡಬಾರದು.

ಅಂಗವಿಕಲ ವಿದ್ಯಾರ್ಥಿಗಳಿಗೆ 2016ರ ಹಕ್ಕುಗಳ ಕಾಯ್ದೆಯ ರಕ್ಷಣೆ ಇದೆ. ಈ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಕನಿಷ್ಠ ಶೇ 5 ಸೀಟು ಮೀಸಲು. ಬರೆಯಲು ತೊಂದರೆ ಇರುವವರಿಗೆ ಬರಹಗಾರರ ನೆರವು ಸಿಗುತ್ತದೆ, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. ಇದು ಮೇಷ್ಟ್ರಿಗೇ ಗೊತ್ತಿಲ್ಲದಿದ್ದರೆ ವಿದ್ಯಾರ್ಥಿಗೆ ಹೇಳೋರು ಯಾರು?

ಹೊಸ ನಿಯಮ ಏನಾಯ್ತು?

ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರಲ್ಲಿ, ಮುಂಬೈನ ವೈದ್ಯ ವಿದ್ಯಾರ್ಥಿನಿ ಪಾಯಲ್ ತಡ್ವಿ 2019ರಲ್ಲಿ ಪ್ರಾಣ ಕಳೆದುಕೊಂಡರು. 2012ರ ನಿಯಮ ಕಾಗದದಲ್ಲೇ ಉಳಿದಿದೆ ಎಂದು ಇಬ್ಬರ ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಪ್ರಕರಣದ ಬೆನ್ನಲ್ಲೇ ಯುಜಿಸಿ 2026ರ ಜನವರಿಯಲ್ಲಿ ಇನ್ನಷ್ಟು ಬಿಗಿಯಾದ ನಿಯಮ ಹೊರಡಿಸಿತು. ಜಾತಿ ತಾರತಮ್ಯದ ವ್ಯಾಖ್ಯೆಯಲ್ಲಿ ಸಾಮಾನ್ಯ ವರ್ಗದವರನ್ನು ಬಿಟ್ಟಿದ್ದಾರೆ ಎಂದು ಕೆಲವರು ಕೋರ್ಟಿಗೆ ಹೋದರು. ಜನವರಿ 29ರಂದು ಸುಪ್ರೀಂ ಕೋರ್ಟ್ ಹೊಸ ನಿಯಮಕ್ಕೆ ತಡೆ ನೀಡಿ, ಅಲ್ಲಿಯವರೆಗೆ 2012ರ ನಿಯಮವೇ ನಡೆಯಲಿ ಎಂದಿತು. ಅಂದರೆ ಹೊಸದು ನಿಂತರೂ ಹಳೆಯದು ಬಿದ್ದುಹೋಗಿಲ್ಲ. ‘ಈಗ ಯಾವ ನಿಯಮವೂ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ನಮ್ಮ ನಾಲ್ಕು ತಾಲ್ಲೂಕಿಗೆ ಯಾಕೆ ಮುಖ್ಯ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪದವಿ ಕಾಲೇಜುಗಳ ಒಂದೇ ಬೆಂಚಿನಲ್ಲಿ ಎಷ್ಟು ಥರದ ಮಕ್ಕಳು ಕೂರುತ್ತಾರೆ ನೋಡಿ. ರೇಷ್ಮೆ ನೂಲು ಬಿಚ್ಚುವ ಮನೆಯ ಉರ್ದು ಮಾತಾಡುವ ಹುಡುಗಿ, ಬೊಂಬೆ ಕೆಲಸದವರ ಮಗ, ಕಾಡಂಚಿನ ಇರುಳಿಗರ ಕಾಲೋನಿಯಿಂದ ಮೊದಲ ಸಲ ಕಾಲೇಜು ಕಂಡ ಹುಡುಗ, ಬೆಳಿಗ್ಗೆ ಅಪ್ಪನ ಅಂಗಡಿ ಬಾಗಿಲು ತೆಗೆದು ಆಮೇಲೆ ಬಸ್ ಹತ್ತುವ ಹುಡುಗ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂನಲ್ಲಿ ಇಂಗ್ಲಿಷ್ ನೋಟ್ಸ್ ಕಂಡು ಬೆದರುವವರು ಬೇರೆ.

ಇಂಥವರಲ್ಲಿ ಅನೇಕರ ಮನೆಯಲ್ಲಿ ಕಾಲೇಜು ಓದಿದವರೇ ಇರುವುದಿಲ್ಲ. ಕ್ಲಾಸಿನಲ್ಲಿ ಅವಮಾನವಾದರೆ ಹೇಳಿಕೊಳ್ಳಲು ಜಾಗವಿಲ್ಲದೆ ಬರೋದನ್ನೇ ನಿಲ್ಲಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಬರೀ ‘ಗೈರು’. ಮನೆಯವರಿಗೆ ಅದು ಮೂರು ವರ್ಷದ ಆಸೆ ಮಣ್ಣುಪಾಲಾದಂತೆ.

ಅತಿಥಿ ಉಪನ್ಯಾಸಕರ ಕಥೆ ಏನು?

ದೊಡ್ಡ ಕೊರತೆ ಇರೋದು ಇಲ್ಲೇ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ಅವರಿಗೆ ಬಡ್ತಿಯೇ ಇಲ್ಲ, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಅದೂ ಖಾತ್ರಿಯಿಲ್ಲ. ಬಡ್ತಿಗೆ ಗಂಟು ಹಾಕಿದ ತರಬೇತಿ ಅವರನ್ನು ಸುಲಭವಾಗಿ ಮುಟ್ಟುವುದಿಲ್ಲ. ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುವವರಿಗೇ ತಿಳಿವಳಿಕೆ ಸಿಗದಿದ್ದರೆ ಯೋಜನೆ ಅರ್ಧಕ್ಕೇ ನಿಂತಂತೆ. ವರ್ಷದ ಆರಂಭದಲ್ಲಿ ಕಾಲೇಜಿನಲ್ಲೇ ಒಂದು ದಿನ ಕೂರಿಸಿ ಈ ನಿಯಮಗಳನ್ನು ಓದಿ ಚರ್ಚಿಸಿದರೂ ಸಾಕಷ್ಟು ಉಪಯೋಗವಾಗುತ್ತದೆ. ಅದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ.

ಪೋಷಕರು, ವಿದ್ಯಾರ್ಥಿಗಳು ಏನು ಮಾಡಬಹುದು?

2012ರ ನಿಯಮದಂತೆ ಕಾಲೇಜಿನಲ್ಲಿ ಸಮಾನ ಅವಕಾಶ ಘಟಕ ಮತ್ತು ತಾರತಮ್ಯ ತಡೆ ಅಧಿಕಾರಿ ಇರಬೇಕು. ಅಡ್ಮಿಷನ್ ದಿನವೇ ‘ಆ ಅಧಿಕಾರಿ ಯಾರು ಸಾರ್?’ ಎಂದು ಕೇಳಿ ಹೆಸರು ಬರೆದುಕೊಳ್ಳಿ. ದೂರು ಇದ್ದರೆ ಬರವಣಿಗೆಯಲ್ಲಿ ಕೊಡಿ, ದಿನಾಂಕ ಹಾಕಿ, ಒಂದು ಪ್ರತಿಗೆ ಕಾಲೇಜಿನ ಸೀಲ್ ಹಾಕಿಸಿಕೊಳ್ಳಿ. ಲೈಂಗಿಕ ಕಿರುಕುಳದ ದೂರಿಗೆ ಪ್ರತ್ಯೇಕ ಆಂತರಿಕ ದೂರು ಸಮಿತಿ ಇರುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿಗೆ ದೂರು ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ ರಾಷ್ಟ್ರೀಯ ಸಹಾಯವಾಣಿ 14566, ರ‍್ಯಾಗಿಂಗ್‌ಗೆ 1800-180-5522.

ಮೇಷ್ಟ್ರುಗಳ ಮೇಲೆ ಕೇಸು ಹಾಕಿಸೋದು ಈ ತರಬೇತಿಯ ಉದ್ದೇಶವಲ್ಲ. ಸ್ಕಾಲರ್‌ಶಿಪ್ ಪಟ್ಟಿಯನ್ನು ಕ್ಲಾಸಿನಲ್ಲಿ ಕೂಗುವ ಬದಲು ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಅರ್ಜಿ ತುಂಬಿಸಿದರೆ ಕೆಲಸವೂ ಆಗುತ್ತದೆ, ಮಕ್ಕಳ ಮರ್ಯಾದೆಯೂ ಉಳಿಯುತ್ತದೆ.