ಹಲ್ಲು ಹೋದರೂ ದವಡೆ ಮೂಳೆ ಉಳಿಸಿಕೊಳ್ಳಿ

ಉಪ್ಪಾರಹಳ್ಳಿಯ ಅಕ್ಕಂದಿರೇ, ಅಣ್ಣಂದಿರೇ, ದವಡೆ ಹಲ್ಲು ಕೀಳಿಸಿ ವರ್ಷಗಟ್ಟಲೆ ಹಾಗೇ ಬಿಟ್ಟಿದ್ದೀರಾ? ಒಳಗೆ ಮೂಳೆ ಕರಗುತ್ತಿರುತ್ತದೆ. ಅಗಿಯುವ ಒತ್ತಡ ಹಲ್ಲಿನ ಬೇರಿನ ಮೂಲಕ ತಲುಪಿದರಷ್ಟೇ ಅದು ಗಟ್ಟಿ. ಹಲ್ಲು ಹೋದ ಮೊದಲ ವರ್ಷದಲ್ಲೇ ಮೂಳೆಯ ಅಗಲ ಸುಮಾರು ಅರ್ಧಕ್ಕೆ ಇಳಿಯಬಹುದು. ಹೆಚ್ಚಿನ ನಷ್ಟ ಮೊದಲ 3 ತಿಂಗಳಲ್ಲೇ.

ಹೋದ ಹಲ್ಲಿನ ಜಾಗಕ್ಕೆ ಹಾಕುವ ಇಂಪ್ಲಾಂಟ್ ಅಂದರೆ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಮೂಳೆ ಸಾಲದಿದ್ದರೆ? ಸಿಬಿಸಿಟಿ ಎಂಬ 3ಡಿ ಎಕ್ಸ್-ರೇ ಸ್ಕ್ಯಾನ್‌ನಲ್ಲಿ ಅದರ ಎತ್ತರ, ಅಗಲ ಅಳೆಯುತ್ತಾರೆ. ಒಸಡು ಬಿಡಿಸಿ, ಸಕ್ಕರೆ ಹರಳಿನಂಥ ಮೂಳೆ ಪುಡಿ ತುಂಬಿ, ಮೇಲೆ ತೆಳು ಪೊರೆ ಹೊದಿಸಿ ಹೊಲಿಗೆ ಹಾಕುತ್ತಾರೆ. ಅದು ಗಟ್ಟಿಯಾಗಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ದಯವಿಟ್ಟು ಡಾಕ್ಟರನ್ನು ಅವಸರಪಡಿಸಬೇಡಿ.

ಇಂಪ್ಲಾಂಟ್ ಕೂತ ಮೇಲೂ ಮೂಳೆ ಕರಗಬಹುದು. ಬೀಡಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ತಿರುಪಿನ ಸುತ್ತ ಕಟ್ಟಿದ ಕೊಳೆ, ಇವು ದೊಡ್ಡ ಕಾರಣಗಳು. ಒಸಡಿನಲ್ಲಿ ರಕ್ತ, ಕೀವು ಕಂಡರೆ ನೋವು ಬರಲಿ ಅಂತ ಕಾಯಬೇಡಿ; ಎಷ್ಟೋ ಸಲ ನೋವೇ ಇರುವುದಿಲ್ಲ.

ನಮ್ಮ ತುಮಕೂರಿನ ಅಗಳಕೋಟೆಯಲ್ಲೇ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿದೆ. ಎಲ್ಲೇ ತೋರಿಸಿ, ಹಲ್ಲು ಕೀಳಿಸುವ ಮೊದಲೇ ಕೇಳಿ: 'ಡಾಕ್ಟ್ರೇ, ಹಲ್ಲು ಕಿತ್ತ ಕುಳಿಗೆ ಆಗಲೇ ಮೂಳೆ ಪುಡಿ ತುಂಬಬೇಕಾ?'