ಮನೆಯನ್ನು ಕೊಳ್ಳುವ ಮುನ್ನ

ಮನೆಯೊಂದನ್ನು ಕೊಳ್ಳುವುದು ಬಹುತೇಕ ಕುಟುಂಬಗಳಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಒದಗುವ ಸಂದರ್ಭ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಗಂಡಸರಷ್ಟೇ ಹೋಗಿ, ಗೋಡೆ ಬಾಗಿಲುಗಳನ್ನು ನೋಡಿ, ಮುಂಗಡ ಕೊಟ್ಟು ಬರುವುದುಂಟು. ಇದು ಸರಿಯಾದ ಕ್ರಮವಲ್ಲ. ಆ ಮನೆಯಲ್ಲಿ ಒಲೆ ಹೊತ್ತಿಸುವವರೂ ನೀರು ತುಂಬುವವರೂ ಹೆಚ್ಚಾಗಿ ಗೃಹಿಣಿಯರು. ಆದುದರಿಂದ ಪತಿಪತ್ನಿಯರಿಬ್ಬರೂ ಹಗಲು ಹೊತ್ತಿನಲ್ಲಿ, ಅನುಭವಸ್ಥ ಗಾರೆ ಕೆಲಸದವರೊಬ್ಬರೊಡನೆ ಹೋಗಿ ಮನೆಯನ್ನು ಪರೀಕ್ಷಿಸತಕ್ಕದ್ದು. ಅರ್ಧ ದಿನ ಹಿಡಿದೀತು. ಮಾರುವವರು ಬೇಸರಿಸಿದರೂ ಅವಸರಪಡಬೇಡಿ.

ಮೊದಲು ನೋಡಬೇಕಾದುದು ನೀರು. ಗೋಡೆಯನ್ನು ರಿಪೇರಿ ಮಾಡಿಸಬಹುದು. ನೆಲದಡಿಯ ನೀರನ್ನು ಬದಲಾಯಿಸಲಾಗದು. ಮಧುಗಿರಿಯ ಏಕಶಿಲಾ ಬೆಟ್ಟದಂತಹ ಕಗ್ಗಲ್ಲೇ ಈ ಸೀಮೆಯ ನೆಲದಡಿಯಲ್ಲೂ ಇದೆ. ಆ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಕರಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಬಾಧಕವಿಲ್ಲ; ಬೇರೆ ನೀರು ದೊರೆಯದಿದ್ದಾಗಲೂ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಶೈಶವದಿಂದ ಸುಮಾರು ಎಂಟು ವರ್ಷದವರೆಗೆ ಕುಡಿದ ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಸುಣ್ಣದಂತಹ ಮಚ್ಚೆ, ಹಳದಿ ಇಲ್ಲವೆ ಕಂದು ಗೆರೆಗಳು ಮೂಡುತ್ತವೆ. ಅವು ಉಜ್ಜಿದರೆ ಹೋಗುವುದಿಲ್ಲ. ಹಲವು ವರ್ಷ ಕುಡಿದ ಹಿರಿಯರಿಗೆ ಕತ್ತು, ಬೆನ್ನು, ಕೀಲುಗಳು ಬಿಗಿದು ಬಗ್ಗುವುದೇ ಕಷ್ಟವಾಗಬಹುದು. ದೊಡ್ಡ ಮಗಳ ಹಲ್ಲು ಬೆಳ್ಳಗಿದೆ, ಈ ಮನೆಗೆ ಬಂದ ಮೇಲೆ ಹುಟ್ಟಿದವನದೇಕೆ ಹೀಗಾಯಿತು ಎಂದು ಕೇಳುವ ತಾಯಂದಿರಿಗೆ ಉತ್ತರ ಹೇಳುವುದು ವೈದ್ಯನಿಗೆ ಸುಲಭವಲ್ಲ.

ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆರಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ಪಕ್ಕದ ಕೊಳವೆ ಬಾವಿಯ ನೀರು ಚೆನ್ನಾಗಿದೆಯೆಂದು ಈ ಬಾವಿಯದನ್ನು ನಂಬಬೇಡಿ. ನೂರು ಗಜದೊಳಗೇ ವ್ಯತ್ಯಾಸವಿರಬಹುದು. ಒಂದು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ (ಗಾಜಿನದು ಬೇಡ) ನೀರು ಹಿಡಿದು, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಎಲ್ಲಿಗೆ ಒಯ್ಯಬೇಕೆಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಇನ್ನೊಂದು ಉಪಾಯವುಂಟು: ಆ ಬೀದಿಯಲ್ಲೇ ಹುಟ್ಟಿ ಬೆಳೆದ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಮಾತನಾಡಿಸಿ, ಅವರ ಮುಂದಿನ ಹಲ್ಲುಗಳನ್ನು ಗಮನಿಸಿ. ನೀರು ಕೆಟ್ಟದ್ದೆಂದು ತಿಳಿದುಬಂದರೆ, ಕುಡಿಯಲು ಮತ್ತು ಅಡಿಗೆಗೆ ಶುದ್ಧ ನೀರಿನ ಘಟಕ ಎಷ್ಟು ದೂರವಿದೆ, ವರ್ಷವೆಲ್ಲಾ ನಡೆಯುತ್ತದೆಯೇ ಎಂದು ಕೇಳಿ ಆನಂತರ ತೀರ್ಮಾನಿಸಿ.

ಇನ್ನು ಕಟ್ಟಡ. ಗಾರೆಯ ಮೇಲಿನ ಕೂದಲೆಳೆಯ ಸೀಳಿಗೆ ಹೆದರಬೇಕಾಗಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಅಗಲವಾದ ಬಿರುಕು ತಳಪಾಯ ಕುಸಿದುದರ ಗುರುತಾಗಿರಬಹುದು. ಮಣ್ಣಿನ ಮಾಳಿಗೆಯಾದರೆ ತೊಲೆ, ಜಂತೆಗಳನ್ನು ಚಾಕುವಿನಿಂದ ಚುಚ್ಚಿ ನೋಡಿಸಿ. ಗೆದ್ದಲು ತಿಂದ ಮರ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ಬೇಸಿಗೆಯಲ್ಲಿ ಸೋರಿಕೆ ತಿಳಿಯದು, ಹೊಸದಾಗಿ ಸುಣ್ಣ ಬಳಿದಿದ್ದರಂತೂ ಕಲೆಗಳೂ ಮುಚ್ಚಿಹೋಗಿರುತ್ತವೆ. ನೆರೆಯವರನ್ನು ಕೇಳುವುದೇ ಮೇಲು.

ಅಡಿಗೆಮನೆಯ ಹೊಗೆ ಹೊರಹೋಗಲು ದಾರಿಯಿರಬೇಕು. ಕಿಟಕಿಗಳ ವಿಸ್ತೀರ್ಣ ನೆಲದ ಹತ್ತನೆಯ ಒಂದು ಭಾಗಕ್ಕೆ ಕಡಿಮೆಯಿರಬಾರದು. ದನದ ಕೊಟ್ಟಿಗೆ ಮನೆಯಿಂದ 25 ಅಡಿಯಾದರೂ, ಕಕ್ಕಸಿನ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಲಿ. ಹಿತ್ತಲಿನಲ್ಲಿ ನೀರು ಬತ್ತಿದ ಕೊಳವೆ ಬಾವಿಯಿದ್ದರೆ, ಅದನ್ನು ಮುಚ್ಚಿಸದ ಹೊರತು ಮಕ್ಕಳೊಡನೆ ಅಲ್ಲಿ ವಾಸಕ್ಕೆ ಹೋಗಬೇಡಿ. ಇಂತಹ ಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ನಿರ್ದೇಶನ ನೀಡಿದೆ.

ಪರೀಕ್ಷೆಯಲ್ಲಿ ಹತ್ತಾರು ದೋಷಗಳು ಕಂಡರೆ ಎದೆಗುಂದಬೇಡಿ. ಹಳೆಯ ಮನೆಯೆಂದ ಮೇಲೆ ಅವು ಇದ್ದೇ ಇರುತ್ತವೆ. ಪ್ರತಿಯೊಂದನ್ನೂ ಬರೆದುಕೊಂಡು, ರಿಪೇರಿಯ ವೆಚ್ಚವನ್ನು ಗಾರೆಯವರಿಂದ ತಿಳಿದು, ಬೆಲೆಯ ಮಾತಿಗೆ ಕೂರುವಾಗ ಮುಂದಿಡಿ. ಕಾಗದಪತ್ರಗಳ ವಿಷಯ ವೈದ್ಯನದಲ್ಲವಾದರೂ ಒಂದು ಮಾತು: ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನೂ, ಪ್ರಯೋಗಾಲಯದಿಂದ ನೀರಿನ ವರದಿಯನ್ನೂ ಕೈಗೆ ಪಡೆದ ನಂತರವೇ ಮುಂಗಡ ಕೊಡಿ.